ಗೊತ್ತಿರೋದನ್ನ ಬಾಯಿಬಿಟ್ಟು ಹೇಳು ಪುಟ್ಟಿ

ಪುಟ್ಟಿ,

ಫಿಸಿಕ್ಸ್ ಲ್ಯಾಬ್ ವೈವಾದಲ್ಲಿ, ಅಂದ್ರೆ ಬಾಯಲ್ಲೇ ಉತ್ತರ ಹೇಳೋ ಪರೀಕ್ಷೇಲಿ, ಗಾಜಿನ ಮೇಲೆ ಲೆನ್ಸ್ ಇಟ್ಟು ಬೆಳಕು ಬಿಟ್ಟಾಗ ಕಾಣೋ ಆ ನ್ಯೂಟನ್ಸ್ ರಿಂಗ್ಸ್ ಉಂಗುರಗಳ ಮಧ್ಯದಲ್ಲಿ ಯಾಕೆ ಕಪ್ಪಗಿರತ್ತೆ ಅಂತ ಕೇಳಿದಾಗ ಮಾತೇ ಹೊರಡ್ಲಿಲ್ಲ ಅಂದ್ಯಲ್ಲ, ಅದೇ ಉತ್ತರಾನ ಫೋನಲ್ಲಿ ನಂಗೆ ಪಟಪಟ ಅಂತ ಹೇಳ್ದೆ. ಲೆನ್ಸ್ ಗಾಜಿಗೆ ತಾಗೋ ಜಾಗದಲ್ಲಿ ಗಾಳಿ ಪದರ ಇಲ್ಲವೇ ಇಲ್ಲ ಅನ್ನೋಷ್ಟು ತೆಳು, ಆದ್ರೂ ಕೆಳಗಿನ ಗಾಜಿಗೆ ಬಡಿದು ವಾಪಸ್ ಬರೋ ಬೆಳಕು ಅರ್ಧ ತರಂಗ ಹಿಂದೆ ಬೀಳತ್ತೆ, ಅದೂ ಲೆನ್ಸಿನ ಕೆಳಮೈಯಿಂದ ವಾಪಸ್ ಬರೋ ಬೆಳಕೂ ಸೇರಿದಾಗ ಒಂದನ್ನೊಂದು ಅಳಿಸಿಹಾಕ್ತವೆ ಅಂತ. ಎಷ್ಟು ಚೆನ್ನಾಗಿ ಹೇಳ್ದೆ ಗೊತ್ತಾ! ಫಿಸಿಕ್ಸ್ ನಿಂಗೆ ಬರತ್ತೆ ಕಣೇ. ನಾಲ್ಕು ಜನರ ಮುಂದೆ ಬಾಯಿಬಿಡೋದೊಂದು ಕಲೀಬೇಕು.

ಹತ್ತನೇ ಕ್ಲಾಸ್‌ವರೆಗೂ ಕನ್ನಡ ಮೀಡಿಯಮ್ಮಲ್ಲಿ ಓದಿದವಳು, ಇಂಗ್ಲಿಷ್ ತಪ್ಪಾದ್ರೆ ನಗ್ತಾರೇನೋ ಅನ್ನೋ ಭಯ ಇರತ್ತೆ, ನನ್ನ ಸ್ಕೂಲಿನ ಮಕ್ಕಳಲ್ಲೂ ದಿನಾ ನೋಡ್ತೀನಿ. ಲ್ಯಾಬಿಗೆ ಹೋಗೋ ಹಿಂದಿನ ರಾತ್ರಿ ರೂಮ್‌ಮೇಟ್‌ನ ಕೂರಿಸ್ಕೊಂಡು ಆ ಎಕ್ಸ್‌ಪೆರಿಮೆಂಟನ್ನ ಮೊದ್ಲು ಕನ್ನಡದಲ್ಲಿ ಹೇಳು, ಆಮೇಲೆ ಬಂದಷ್ಟು ಇಂಗ್ಲಿಷಲ್ಲಿ ಹೇಳು, ಗ್ರಾಮರ್ ತಪ್ಪಾದ್ರೆ ಆಗ್ಲಿ, ಮಧ್ಯದಲ್ಲಿ ನಿಲ್ಲಿಸ್ಬೇಡ. ಬರೀ ಮನಸ್ಸಲ್ಲೇ ಓದ್ಕೊಂಡ್ರೆ ವೈವಾದಲ್ಲಿ ಬಾಯಿಗೆ ಬರಲ್ಲ.

ಸೀನಿಯರ್ಸು ಫಸ್ಟ್ ಇಯರ್ ಅಲ್ವಾ ಆರಾಮಾಗಿರು ಅಂತಾರೆ, ಅದನ್ನ ಕಿವಿಗೆ ಹಾಕ್ಕೋಬೇಡ. ನಿಮ್ಮ ಇಂಜಿನಿಯರಿಂಗ್ ಯೂನಿವರ್ಸಿಟಿ ವಿಟಿಯುನಲ್ಲಿ ಕಾಲೇಜಲ್ಲೇ ಕೊಡೋ ಇಂಟರ್ನಲ್ಸ್‌ಗೇ 50 ಮಾರ್ಕ್ಸು, ಅದ್ರಲ್ಲಿ 20 ಬರ್ಲೇಬೇಕು, ಅಟೆಂಡೆನ್ಸ್ 85 ಪರ್ಸೆಂಟ್ ಬೇಕು. ಈಗ ಒಂದು ಸಬ್ಜೆಕ್ಟ್ ಉಳಿಸ್ಕೊಂಡ್ರೆ ಮುಂದಿನ ಸೆಮ್‌ನಲ್ಲಿ ಫಿಸಿಕ್ಸ್ ಬದಲು ಕೆಮಿಸ್ಟ್ರಿ ಬರೋ ಆ ಕೆಮಿಸ್ಟ್ರಿ ಸೈಕಲ್ಲಿನ ಹೊಸ ಸಬ್ಜೆಕ್ಟ್‌ಗಳ ಜೊತೆ ಈ ಬ್ಯಾಕ್‌ಲಾಗನ್ನೂ ಹೊರಬೇಕು, ಆಗ ಯಾವ ಕಡೆಗೂ ಟೈಮ್ ಸಾಲಲ್ಲ.

ಗ್ರೂಪ್ ಅಸೈನ್‌ಮೆಂಟ್ ಪೂರ್ತಿ ನೀನೊಬ್ಳೇ ನಿದ್ದೆಗೆಟ್ಟು ಮಾಡಿದ್ದು ನಂಗೆ ಒಂಚೂರೂ ಇಷ್ಟ ಆಗ್ಲಿಲ್ಲ. ಯಾರನ್ನ ಕೇಳೋದು, ಬೇಜಾರ್ ಮಾಡ್ಕೋತಾರೆ ಅಂದೆ. ಮಾಡ್ಕೊಳ್ಲಿ ಬಿಡು! "ನೀನು ಡಯಾಗ್ರಾಂ ಹಾಕು, ನೀನು ಪಿಪಿಟಿ ಮಾಡು, ಗುರುವಾರದೊಳಗೆ ಕೊಡ್ರಪ್ಪ" ಅಂತ ನಗ್ತಾನೇ ಹೇಳು, ಗ್ರೂಪಲ್ಲಿ ಮೆಸೇಜೂ ಹಾಕು. ಕೊಡದೇ ಇದ್ದವರಿಗೆ ಇನ್ನೊಂದ್ಸಲ ನೆನಪಿಸು. ನಾಳೆ ಕೆಲಸಕ್ಕೆ ಸೇರಿದ ಮೇಲೂ ಇದೇ ಇರೋದು, ಒಬ್ಬರ ಕೈಲಿ ಆಗೋ ಕೆಲಸ ಅಲ್ಲಿ ಯಾವ್ದೂ ಇರಲ್ಲ, ಬೇರೆಯವರ ಹತ್ರ ಕೆಲಸ ಕೇಳೋದಕ್ಕೆ ನಾಚ್ಕೊಂಡ್ರೆ ಎಲ್ಲಾ ನಿನ್ ತಲೆ ಮೇಲೇ ಬೀಳತ್ತೆ.

ಲೆನ್ಸಿನ ಬಾಗು ಎಷ್ಟು ಅಂತ ಕಂಡುಹಿಡಿಯೋ ಆ ರೇಡಿಯಸ್ ಆಫ್ ಕರ್ವೇಚರ್ ಲೆಕ್ಕ ಎರಡನೇ ಸ್ಟೆಪ್ಪಲ್ಲೇ ಕೈ ಕೊಡ್ತಿದೆ ಅಂದ್ಯಲ್ಲ, ಸೋಮವಾರ ನೋಟ್‌ಬುಕ್ ತಗೊಂಡೇ ಸ್ಟಾಫ್‌ರೂಮಿಗೆ ಹೋಗು, ಎಲ್ಲಿವರೆಗೆ ಬಂದಿದೀಯ ಅಂತ ತೋರಿಸಿ ಮೇಡಂನ ಕೇಳು. ಒಬ್ಳೇ ಹೋಗೋಕೆ ಧೈರ್ಯ ಸಾಲದಿದ್ರೆ ರೂಮ್‌ಮೇಟ್‌ನ ಕರ್ಕೊಂಡು ಹೋಗು, ಆದ್ರೆ ಕೇಳೋದು ಮಾತ್ರ ನೀನೇ. ಮೇಡಂ ಏನಂದ್ರು ಅಂತ ಸಂಜೆ ಫೋನ್ ಮಾಡು, ಅಪ್ಪನೂ ಕಾಯ್ತಿರ್ತಾರೆ.

ನಿನ್ನ ಅಮ್ಮ