ಒಂದು ಸರ್ವರ್ ನಿಲ್ಲಿಸಲು ಇಡೀ ಸೇವೆಯನ್ನೇ ನಿಲ್ಲಿಸಬೇಕೆ?

ಮಾನ್ಯರೇ,

‘ಸರ್ವರ್ ನಿರ್ವಹಣೆ ನಿಮಿತ್ತ ಇಂದು ಸೇವೆ ಲಭ್ಯವಿಲ್ಲ’ ಎಂಬ ಸೂಚನೆ ಕಚೇರಿಗಳ ಕೌಂಟರುಗಳಲ್ಲಿ ಎಷ್ಟು ಮಾಮೂಲಾಗಿದೆಯೆಂದರೆ, ಜನ ಅದನ್ನು ಪ್ರಶ್ನಿಸುವುದನ್ನೇ ಬಿಟ್ಟಿದ್ದಾರೆ. ಹಲವು ಸರ್ವರ್‌ಗಳನ್ನು ಕೂಡಿಸಿ ಕ್ಲಸ್ಟರ್ ಕಟ್ಟುವುದೇ ಒಂದು ನಿಂತರೂ ಉಳಿದವು ಕೆಲಸ ನಡೆಸಲಿ ಎಂದು. ಹಾಗಿರುವಾಗ ಒಂದು ಸರ್ವರ್‌ನ ಮೆಮೊರಿ ಬದಲಿಸಲು ಇಡೀ ಸೇವೆಯನ್ನು ಬಂದ್ ಮಾಡುವ ಅಗತ್ಯ ಸಾಮಾನ್ಯವಾಗಿ ಬರಬಾರದು.

ಕ್ರಮ ತಿಳಿದವರಿಗೆ ಪವರ್ ಬಟನ್ ಒತ್ತುವುದು ಕೊನೆಯ ಕೆಲಸ. ಕೆಲಸಗಳನ್ನು ಸರ್ವರ್‌ಗಳಿಗೆ ಹಂಚಿ ನೋಡಿಕೊಳ್ಳುವ ಕುಬರ್ನೆಟಿಸ್ ತಂತ್ರಾಂಶ ಬಳಸುವ ಕಡೆ ಮೊದಲು ಆ ಸರ್ವರ್ ಅನ್ನು ‘ಕಾರ್ಡನ್’ ಮಾಡಿ ಹೊಸ ಕೆಲಸ ಅಲ್ಲಿಗೆ ಬಾರದಂತೆ ತಡೆಯುತ್ತಾರೆ. ಬಳಿಕ ‘ಡ್ರೇನ್’ ಆದೇಶ ಕೊಟ್ಟು, ಅಲ್ಲಿ ನಡೆಯುತ್ತಿರುವ ಪಾಡ್‌ಗಳನ್ನು (ಸೇವೆಯ ತಂತ್ರಾಂಶ ಓಡುವ ಘಟಕಗಳನ್ನು) ತೆರವುಗೊಳಿಸಿ, ಅವುಗಳ ಬದಲಿಗೆ ಬೇರೆ ಸರ್ವರ್‌ಗಳಲ್ಲಿ ಹೊಸ ಪಾಡ್‌ಗಳು ಶುರುವಾಗುವುದನ್ನು ಕಾಯುತ್ತಾರೆ. ಕೈಯಲ್ಲಿರುವ ಕೆಲಸ ಮುಗಿಸಿಕೊಳ್ಳಲು ಪಾಡ್‌ಗೆ ಸಿಗುವ ಅವಧಿ, ಬೇರೆ ಏನನ್ನೂ ನಿಗದಿಪಡಿಸದಿದ್ದರೆ, 30 ಸೆಕೆಂಡ್ ಮಾತ್ರ. ಅದು ಮುಗಿದರೆ ಬಲವಂತವಾಗಿ ನಿಲ್ಲಿಸಲಾಗುತ್ತದೆ. ಹಣ ಪಾವತಿಯಂತಹ ಕೆಲಸಕ್ಕೆ ಇಷ್ಟು ಸಾಕೇ ಎಂಬುದನ್ನು ತಂತ್ರಾಂಶ ಬರೆದವರು ಮೊದಲೇ ಯೋಚಿಸಿರಬೇಕು.

ಇದಕ್ಕಿಂತ ಸೂಕ್ಷ್ಮವಾದುದು ಬಹುಮತದ ಲೆಕ್ಕ. ಕ್ಲಸ್ಟರ್‌ನ ಸ್ಥಿತಿಗತಿಯನ್ನು ದಾಖಲಿಸಿಡುವ ‘ಇಟಿಸಿಡಿ’ಯಂತಹ ವ್ಯವಸ್ಥೆಯಲ್ಲಿ ಸದಸ್ಯ ಸರ್ವರ್‌ಗಳು ಮೂರಿದ್ದರೆ ಎರಡಾದರೂ ಹಾಜರಿರಬೇಕು, ಐದಿದ್ದರೆ ಮೂರು. ಮೂರರಲ್ಲಿ ಒಂದು ಯಾರ ಗಮನಕ್ಕೂ ಬಾರದೆ ಮೊದಲೇ ಕೆಟ್ಟಿದ್ದರೆ, ಎರಡನೆಯದನ್ನು ಎಷ್ಟೇ ಕ್ರಮಬದ್ಧವಾಗಿ ನಿಲ್ಲಿಸಿದರೂ ಬಹುಮತ ತಪ್ಪಿ ಹೊಸ ದಾಖಲೆ ಬರೆಯುವುದು ನಿಂತುಹೋಗುತ್ತದೆ. ಆದ್ದರಿಂದ ನಿಲ್ಲಿಸಲಿರುವ ಸರ್ವರ್‌ಗಿಂತ ಮೊದಲು ಉಳಿದವುಗಳ ಆರೋಗ್ಯವನ್ನು ಪರೀಕ್ಷಿಸಬೇಕು. (ಎರಡೇ ಸರ್ವರ್ ಕೊಟ್ಟು, ಬಹುಮತಕ್ಕೆ ಮೂರನೆಯ ಸಾಕ್ಷಿಯನ್ನೂ ಒದಗಿಸದೆ, ಅದನ್ನೇ ಕ್ಲಸ್ಟರ್ ಎಂದು ಮಾರುವವರೂ ಇದ್ದಾರೆ.)

ದತ್ತಾಂಶ ಸಂಗ್ರಹದ ಸರ್ವರ್‌ಗಳದ್ದು ಬೇರೆಯೇ ತೊಡಕು. ಹಲವು ಸರ್ವರ್‌ಗಳ ಡಿಸ್ಕ್‌ಗಳಲ್ಲಿ ದತ್ತಾಂಶವನ್ನು ಹಂಚಿಡುವ ಸೆಫ್ ವ್ಯವಸ್ಥೆಯಲ್ಲಿ ಡಿಸ್ಕ್‌ಗಳು ಸುಮಾರು 10 ನಿಮಿಷ ಕಾಣಿಸದೇ ಹೋದರೆ, ಅವು ಮರಳುವುದಿಲ್ಲವೆಂದು ಭಾವಿಸಿ ಅವುಗಳಲ್ಲಿದ್ದ ದತ್ತಾಂಶದ ಹೊಸ ಪ್ರತಿಗಳನ್ನು ಬೇರೆಡೆ ಮಾಡುವ ಕೆಲಸ ತಾನಾಗಿ ಆರಂಭವಾಗುತ್ತದೆ. ಅರ್ಧ ಗಂಟೆಯ ದುರಸ್ತಿಗಾಗಿ ನೆಟ್‌ವರ್ಕ್ ಮೇಲೆ ಅನಗತ್ಯ ಹೊರೆ ಬೀಳುತ್ತದೆ. ಮೊದಲೇ ‘ನೋಔಟ್’ ಗುರುತು ಹಾಕಿದರೆ ಇದು ತಪ್ಪುತ್ತದೆ. ಸರ್ವರ್ ಮರಳಿದ ಮೇಲೆ ಆ ಗುರುತನ್ನು ತೆಗೆಯಬೇಕು, ಸರ್ವರ್ ಇಲ್ಲದಿದ್ದ ಹೊತ್ತಿನಲ್ಲಿ ಬದಲಾದ ದತ್ತಾಂಶವೆಲ್ಲ ಸರಿಹೊಂದುವವರೆಗೆ ಇನ್ನೊಂದು ಸರ್ವರ್ ಮುಟ್ಟಬಾರದು. ಬೇಗ ಮುಗಿಸುವ ಆತುರದಲ್ಲಿ ಬಿಟ್ಟುಹೋಗುವುದು ಈ ಕೊನೆಯ ಹಂತವೇ.

ಇದಕ್ಕೆ ಬೇಕಾದ ಸಲಕರಣೆಗಳೆಲ್ಲ ಮುಕ್ತ ತಂತ್ರಾಂಶಗಳಲ್ಲೇ ಇವೆ. ಕೊರತೆಯಿರುವುದು ಅಭ್ಯಾಸದ್ದು, ಹಾಳಾದೀತೆಂಬ ಭಯದಿಂದ ರಾತ್ರಿಯವರೆಗೆ ಕಾದು ಎಲ್ಲವನ್ನೂ ಒಟ್ಟಿಗೆ ನಿಲ್ಲಿಸುವುದು ಸುಲಭವೆನಿಸುತ್ತದೆ. ಆದುದರಿಂದ ಸಾರ್ವಜನಿಕ ಹಣದಲ್ಲಿ ಕ್ಲಸ್ಟರ್ ಖರೀದಿಸುವ ಇಲಾಖೆಗಳು ಟೆಂಡರ್‌ನಲ್ಲೇ ಒಂದು ಷರತ್ತು ಸೇರಿಸಲಿ: ಅಂತಿಮ ಬಿಲ್ ಪಾವತಿಗೆ ಮುನ್ನ, ಕೆಲಸದ ದಿನದ ಮಧ್ಯಾಹ್ನ, ಅಧಿಕಾರಿಗಳ ಎದುರಿನಲ್ಲೇ ಗುತ್ತಿಗೆದಾರರು ತಮ್ಮ ಯಾವುದಾದರೂ ಒಂದು ಸರ್ವರ್ ಅನ್ನು ಸೇವೆಗೆ ಅಡ್ಡಿಯಾಗದಂತೆ ನಿಲ್ಲಿಸಿ, ಮತ್ತೆ ಸೇರಿಸಿ ತೋರಿಸಬೇಕು. ಯಾವ ಸರ್ವರ್ ಎಂಬುದನ್ನು ಅಧಿಕಾರಿಗಳೇ ಆರಿಸಲಿ.

– ಒಬ್ಬ ಸಿಸ್ಟಂ ಅಡ್ಮಿನಿಸ್ಟ್ರೇಟರ್, ಬೆಂಗಳೂರು