ಭಾನುವಾರ ಜಾವಾ ಮುಂಭಾಗದ ಜೋಡಣೆ

ಎಲ್ಲರಿಗೂ ನಮಸ್ಕಾರ. ಮೂರು ವಾರಗಳಿಂದ ಮೂತಿಯಿಲ್ಲದೆ ನಿಂತಿರುವ ನನ್ನ ಮೈಸೂರು ಜಾವಾ ಬೈಕಿಗೆ ಈ ಭಾನುವಾರ ಬೆಳಿಗ್ಗೆ 8 ಗಂಟೆಗೆ ಫೋರ್ಕ್ (ಮುಂದಿನ ಚಕ್ರ ಹಿಡಿಯುವ ಕವಲು) ಮತ್ತು ಸ್ಟೀರಿಂಗ್ ಕೂರಿಸುತ್ತೇವೆ. ಜಾಗ ಪುಣೆಯ ಕೋಥ್ರೂಡಿನ ನಮ್ಮ ಕಟ್ಟಡದ ಪಾರ್ಕಿಂಗ್. ನಾಲ್ಕೈದು ಜನ ಸಾಕು. ಇದೇ ಮನೆತನದ ಯೆಜ್ಡಿ ಬೈಕ್ ಇಟ್ಟುಕೊಂಡವರು ಬಂದರೆ ಮುಂದೆ ನಿಮಗೂ ಉಪಯೋಗವಾಗುತ್ತದೆ.

ಫೋರ್ಕಿನ ಆಯಿಲ್ ಸೀಲ್, ಸ್ಟೀರಿಂಗ್ ಬೇರಿಂಗಿನ ಕೋನ್ ಸೆಟ್ ನಾನಾ ಪೇಟೆಯಿಂದ ತಂದಾಗಿದೆ. ಗುಂಡುಗಳು ಕೂರುವ ಹಳೆಯ ಬೇರಿಂಗ್ ಬಟ್ಟಲುಗಳಲ್ಲಿ ಗುಳಿ ಬಿದ್ದಿತ್ತು; ಹ್ಯಾಂಡಲ್ ನೇರವಾದಾಗಲೆಲ್ಲ ಟಕ್ಕೆಂದು ಕಚ್ಚಿಕೊಳ್ಳುತ್ತಿದ್ದುದು ಅದಕ್ಕೇ. ಈ ಗಾಡಿಯಲ್ಲಿ ಬೇರಿಂಗ್ ಗುಂಡುಗಳು ಬಿಡಿಬಿಡಿ. ಗ್ರೀಸಿನಲ್ಲಿ ಅಂಟಿಸಿ, ಎಣಿಸಿಯೇ ಕೂರಿಸಬೇಕು. ಕಳೆದ ಬಾರಿ ಒಂದು ಗುಂಡು ಉರುಳಿ ಚರಂಡಿ ಸೇರಿತ್ತು, ಆದ್ದರಿಂದ ಕೆಳಗೆ ಹಳೆಯ ಬೆಡ್‌ಶೀಟ್ ಹಾಸುತ್ತೇನೆ.

ಸ್ಟೀರಿಂಗ್ ನಟ್ಟನ್ನು ದಯವಿಟ್ಟು ಯಾರೂ ಶಕ್ತಿಪ್ರದರ್ಶನಕ್ಕೆ ಬಳಸಬೇಡಿ. ಅಲುಗಾಟ ನಿಲ್ಲುವಷ್ಟೇ ಬಿಗಿ. ಮುಂದಿನ ಚಕ್ರ ಎತ್ತಿ ನಿಲ್ಲಿಸಿದಾಗ ಹ್ಯಾಂಡಲ್ ತನ್ನ ಭಾರಕ್ಕೇ ಎರಡೂ ಕಡೆ ವಾಲಬೇಕು. ಫೋರ್ಕ್ ಹಿಡಿದು ಹಿಂದೆ ಮುಂದೆ ಎಳೆದರೆ ಸದ್ದು ಬರಬಾರದು. ಫೋರ್ಕಿನ ಎರಡೂ ಕಾಲುಗಳಿಗೆ ಅಳೆದು ಸಮನಾಗಿ ಎಣ್ಣೆ. ಚಕ್ರದ ಆಕ್ಸಲಿನ ಕೊನೆಯ ಬಿಗಿತ ಫೋರ್ಕನ್ನು ನಾಲ್ಕು ಸಲ ಒತ್ತಿ ಬಿಟ್ಟ ಮೇಲೆಯೇ.

ಸ್ಟೀರಿಂಗ್ ನಟ್ಟಿನ ಕೊಕ್ಕೆ ಪಾನಾ ಯಾರ ಬಳಿ ಇದೆ? ನನ್ನದನ್ನು ಎರವಲು ಒಯ್ದವರು ಈ ಗುಂಪಿನಲ್ಲೇ ಇದ್ದಾರೆ, ಹೆಸರು ಹೇಳುವುದಿಲ್ಲ. ಅಳತೆಯ ಜಾಡಿಯಿದ್ದವರೂ ತಿಳಿಸಿ. ಬರುವವರು ಶುಕ್ರವಾರ ರಾತ್ರಿಯೊಳಗೆ ಉತ್ತರಿಸಿದರೆ ಅಷ್ಟು ಜನರಿಗೆ ಉಪ್ಪಿಟ್ಟು ಮಾಡಿಸುತ್ತೇನೆ.