ಗ್ಲೂಕೋಸ್ ಡಬ್ಬಿ ಓಆರ್‌ಎಸ್ ಅಲ್ಲ

ಮಾನ್ಯ ಸಂಪಾದಕರೇ,

ಬೇಸಿಗೆ ಬಂತೆಂದರೆ ಹುಬ್ಬಳ್ಳಿ-ಧಾರವಾಡದ ಮೆಡಿಕಲ್ ಶಾಪ್‌ಗಳಲ್ಲಿ ವಾಂತಿ-ಭೇದಿಗೆಂದು ಗ್ಲೂಕೋಸ್ ಪುಡಿಯ ಡಬ್ಬಿ ಒಯ್ಯುವವರು ಕಾಣುತ್ತಲೇ ಇರುತ್ತಾರೆ. ಮೈಗೆ ಶಕ್ತಿ ಬರುತ್ತದೆ ಎಂಬ ನಂಬಿಕೆ. ಅದು ಓಆರ್‌ಎಸ್ (ಭೇದಿಯಲ್ಲಿ ಕಳೆದುಹೋದ ನೀರು-ಲವಣ ತುಂಬಲು ಕುಡಿಸುವ ದ್ರಾವಣ) ಅಲ್ಲ. ಆದರೆ ಭೇದಿಯಲ್ಲಿ ಗ್ಲೂಕೋಸಿನ ಮುಖ್ಯ ಕೆಲಸ ಶಕ್ತಿ ಕೊಡುವುದಲ್ಲ, ಉಪ್ಪಿನಲ್ಲಿರುವ ಸೋಡಿಯಂ ಅನ್ನು ಕರುಳಿನ ಗೋಡೆ ದಾಟಿಸುವುದು. ಅದರ ಬೆನ್ನಿಗೇ ನೀರು ಒಳಹೋಗುತ್ತದೆ. ಈ ಜೋಡಿ ಸಾಗಣೆಯ ಒಳಗುಟ್ಟು ಬಿಚ್ಚಿಕೊಂಡದ್ದು ಬ್ಯಾಕ್ಟೀರಿಯಾಗಳಲ್ಲಿ. ಪಾಠಗಳಲ್ಲಿ ಅದು ಎರಡು ಬಾಣದ ಗುರುತಿಗೆ ಮುಗಿದುಹೋಗುವುದರಿಂದ ಇಲ್ಲಿ ತುಸು ಬಿಡಿಸಿ ಬರೆಯುತ್ತಿದ್ದೇವೆ.

ಸೋಡಿಯಂ ಮತ್ತು ಗ್ಲೂಕೋಸ್ ಜೊತೆಯಾಗಿ ಒಳಹೋಗುತ್ತವೆ ಎಂದು ಜೀವರಸಾಯನ ವಿಜ್ಞಾನಿ ರಾಬರ್ಟ್ ಕ್ರೇನ್ 1960ರಲ್ಲೇ ಪ್ರಾಗ್‌ನಲ್ಲಿ ಮಂಡಿಸಿದ್ದರು. ಅಂಥ ಸಕ್ಕರೆ ಸಾಗಿಸುವ ಪ್ರೋಟೀನಿನ ರಚನೆ ಸಿಕ್ಕಿದ್ದು 2008ರಲ್ಲಿ. ಅದೂ ಮನುಷ್ಯನದ್ದಲ್ಲ, ಕಡಲಿನ ಮೀನು-ಸಿಗಡಿಯ ಮೂಲಕ ಹೊಟ್ಟೆ ಕೆಡಿಸುವ ವಿಬ್ರಿಯೊ ಪ್ಯಾರಾಹೀಮೊಲಿಟಿಕಸ್‌ನದ್ದು. ಕಾಲರಾ ರೋಗಾಣುವಿನ ದಾಯಾದಿ ಇದು! 2005ರಲ್ಲಿ ಅಕ್ವಿಫೆಕ್ಸ್ ಎಂಬ ಬಿಸಿನೀರಿನ ಬ್ಯಾಕ್ಟೀರಿಯಾದಲ್ಲಿ ಲ್ಯೂಸಿನ್ ಎಂಬ ಅಮೈನೊ ಆಮ್ಲವನ್ನು ಸೋಡಿಯಂ ಜೊತೆ ಸಾಗಿಸುವ ‘ಲ್ಯೂ-ಟಿ’ ಪ್ರೋಟೀನಿನ ರಚನೆ ತಿಳಿದಿತ್ತು. ಇವೆರಡರ ಅಮೈನೊ ಆಮ್ಲಗಳ ಸಾಲು ಒಂದನ್ನೊಂದು ಹೋಲದಿದ್ದರೂ ಒಳಕಟ್ಟು ಒಂದೇ.

ಲ್ಯೂ-ಟಿಯನ್ನೇ ಉದಾಹರಣೆಗೆ ನೋಡೋಣ. ಅದು ಒಂದು ತೂತಲ್ಲ. ಜೀವಕೋಶದ ಪೊರೆಯನ್ನು 12 ಸಲ ದಾಟುವ ಸುರುಳಿಗಳ ನಡುವೆ ಒಂದು ಗೂಡು. ಅದು ಹೊರಮುಖವಾಗಿದ್ದಾಗ ಎರಡು ಸೋಡಿಯಂ ಅಯಾನುಗಳು (ಧನ ಆವೇಶದ ಕಣಗಳು) ಬಂದು ಕೂರುತ್ತವೆ. ಒಂದು, ಲ್ಯೂಸಿನ್ ಅನ್ನು ನೇರವಾಗಿ ಹಿಡಿಯುತ್ತದೆ. ಇನ್ನೊಂದು 1 ಮತ್ತು 8ನೇ ಸುರುಳಿಗಳನ್ನು ಬಿಗಿದಿಡುತ್ತದೆ. ಹೊರಬಾಗಿಲು ಮುಚ್ಚಿದ ಮೇಲಷ್ಟೇ ಒಳಬಾಗಿಲು ತೆರೆಯಬೇಕು. ಎರಡೂ ಒಮ್ಮೆಗೇ ತೆರೆದರೆ ಸೋಡಿಯಂ ಸುಮ್ಮನೆ ಸೋರಿಹೋಗುತ್ತದೆ. ಜೀವಕೋಶದೊಳಗೆ ಸೋಡಿಯಂ ಕಡಿಮೆ, ಜೊತೆಗೆ ಋಣ ಆವೇಶ. ಹೀಗಾಗಿ ಅಯಾನು ಒಳಕ್ಕೆ ಕಳಚಿಕೊಳ್ಳುತ್ತದೆ, ಬಿಗಿ ಸಡಿಲಾಗಿ ಲ್ಯೂಸಿನ್ ಕೂಡ ಒಳಗೆ ಇಳಿಯುತ್ತದೆ, ಖಾಲಿ ಗೂಡು ಮತ್ತೆ ಹೊರಕ್ಕೆ ತಿರುಗುತ್ತದೆ. ಪೊಟ್ಯಾಸಿಯಂ ಅಯಾನು ಗಾತ್ರದಲ್ಲಿ ದೊಡ್ಡದು, ಸೋಡಿಯಂನ ಬದಲಿಗೆ ಈ ಕೆಲಸ ಮಾಡಲಾರದು. ಒಳಬಂದ ಸೋಡಿಯಂ ಅನ್ನು ಹೊರದೂಡಲು ಬೇರೆಯೇ ಪಂಪುಗಳಿವೆ. ಶಕ್ತಿಯ ಖರ್ಚೆಲ್ಲ ಅಲ್ಲೇ. ಪೊರೆ ಸೋರತೊಡಗಿದರೆ ಸೋಡಿಯಂನ ಒಳ-ಹೊರ ವ್ಯತ್ಯಾಸ ಅಳಿದು, ಸಾಗಿಸುವ ಪ್ರೋಟೀನು ನೆಟ್ಟಗಿದ್ದರೂ ಕೆಲಸ ನಿಲ್ಲುತ್ತದೆ.

ನಮ್ಮ ಕರುಳಿನಲ್ಲಿರುವ ಇಂಥದೇ ಪ್ರೋಟೀನು ಎರಡು ಸೋಡಿಯಂಗೆ ಒಂದು ಗ್ಲೂಕೋಸ್ ಒಯ್ಯುತ್ತದೆ (ವಿಬ್ರಿಯೊದಲ್ಲಿ ಒಂದಕ್ಕೊಂದು). ಕಾಲರಾದ ವಿಷ ಕರುಳಿನಿಂದ ನೀರು ಹೊರಸುರಿಸುತ್ತದೆಯೇ ಹೊರತು ಈ ಪ್ರೋಟೀನನ್ನು ಕೆಡಿಸುವುದಿಲ್ಲ. ಓಆರ್‌ಎಸ್ ನಡೆಯುವುದೇ ಈ ಕಾರಣಕ್ಕೆ. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ಸೂತ್ರದಲ್ಲಿ ಲೀಟರಿಗೆ ಗ್ಲೂಕೋಸ್ 13.5 ಗ್ರಾಂ, ಉಪ್ಪು 2.6, ಪೊಟ್ಯಾಸಿಯಂ ಕ್ಲೋರೈಡ್ 1.5, ಸೋಡಿಯಂ ಸಿಟ್ರೇಟ್ 2.9. ಸೋಡಿಯಂ 75 ಮಿಲಿಮೋಲ್ (ಕಣಗಳ ಎಣಿಕೆಯ ಅಳತೆ), ಗ್ಲೂಕೋಸೂ ಅಷ್ಟೇ.

ಕೆಡುವುದು ಅಳತೆಯಲ್ಲಿ. ಲೀಟರಿನ ಪೊಟ್ಟಣವನ್ನು 200 ಮಿ.ಲೀ. ಲೋಟಕ್ಕೆ ಸುರಿದರೆ ಸೋಡಿಯಂ ಲೀಟರಿಗೆ 375 ಮಿಲಿಮೋಲ್‌ಗೆ ಏರುತ್ತದೆ. ಆ ಗಟ್ಟಿ ದ್ರಾವಣ ಮೈಯ ನೀರನ್ನೇ ಕರುಳಿಗೆ ಎಳೆಯುತ್ತದೆ. ರುಚಿಗೆಂದು ಮೇಲೆ ಸಕ್ಕರೆ, ಜ್ಯೂಸ್ ಬೆರೆಸಿದರೂ ಇದೇ ಪಾಡು. ಬರೀ ಗ್ಲೂಕೋಸ್ ನೀರಿನಲ್ಲಿ ಜೊತೆಗಾರ ಸೋಡಿಯಮ್ಮೇ ಇರುವುದಿಲ್ಲ. ಚರಿಗೆ, ತಂಬಿಗೆಯ ಅಂದಾಜು ಬೇಡ, ಲೀಟರಿನ ಬಾಟಲಿಯಲ್ಲೇ ಅಳೆಯಿರಿ. ನಮ್ಮಲ್ಲಿ ನಳದ ನೀರು ದಿನಗಟ್ಟಲೆ ಬ್ಯಾರಲ್‌ನಲ್ಲಿ ನಿಲ್ಲುತ್ತದೆ. ಅದನ್ನು ಮೊದಲು ಕುದಿಸಿ ಆರಿಸಿ, ಆಮೇಲೆ ಪುಡಿ ಬೆರೆಸಿ. ಬೆರೆಸಿದ ಮೇಲೆ ಕುದಿಸಬೇಡಿ. 24 ಗಂಟೆ ಕಳೆದರೆ ಚೆಲ್ಲಿಬಿಡಿ. ಪೊಟ್ಟಣ ಸಿಗದಿದ್ದರೆ ಲೀಟರಿಗೆ ಮಟ್ಟಸವಾದ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಸಿಹಿ ಪಾನೀಯಗಳ ಹೆಸರಿನಲ್ಲಿ ‘ಓಆರ್‌ಎಸ್’ ಪದ ಬಳಸಕೂಡದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರಿನಲ್ಲಿ ಆದೇಶಿಸಿದೆ. ಆದರೂ ಕೊಳ್ಳುವಾಗ ಮೇಲಿನ ಅಂಕಿಗಳನ್ನು ಪೊಟ್ಟಣದ ಮೇಲೆ ಒಮ್ಮೆ ಹುಡುಕಿ ನೋಡುವುದು ಒಳ್ಳೆಯದು.

ಒಂದು ಅಪವಾದವಿದೆ. ತೀರಾ ಅಪರೂಪಕ್ಕೆ ಕೆಲವು ಕೂಸುಗಳಲ್ಲಿ ಗ್ಲೂಕೋಸ್ ಸಾಗಿಸುವ ಈ ಪ್ರೋಟೀನೇ ಹುಟ್ಟಿನಿಂದ ಕೆಟ್ಟಿರುತ್ತದೆ. ಅವಕ್ಕೆ ತಾಯಿಹಾಲಿನಿಂದಲೂ ಭೇದಿ, ಓಆರ್‌ಎಸ್ ಕೊಟ್ಟಷ್ಟೂ ಜಾಸ್ತಿ. ಅಂಥ ಕೂಸನ್ನು ತಡಮಾಡದೆ ಮಕ್ಕಳ ವೈದ್ಯರಿಗೆ ತೋರಿಸಬೇಕು.

– ಇಬ್ಬರು ಸೂಕ್ಷ್ಮಜೀವಿಶಾಸ್ತ್ರ ಉಪನ್ಯಾಸಕರು, ಧಾರವಾಡ